ಹಿಟ್ಟಿನ ಕೋಳಿಯೂ ಬಿಳಿಯ ಇಲಿಯೂ

ಮಾದರಿ ಎಂಬ ಮಾತು ನಮ್ಮಲ್ಲಿ ಬಹುಮಟ್ಟಿಗೆ ಒಳ್ಳೆಯ ಅರ್ಥದಲ್ಲಿಯೇ ಬಳಕೆಯಾಗುತ್ತ ಬಂದಿದೆ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ತೋಟ ಎಂದು, ಇತರರು ನೋಡಿ ಅನುಸರಿಸತಕ್ಕದ್ದು ಯಾವುದೋ ಅದಕ್ಕೆ ಈ ಹೆಸರನ್ನು ಕೊಡುತ್ತೇವೆ. ವಿಜ್ಞಾನಿಗಳು ಇದೇ ಮಾತನ್ನು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ಮನುಷ್ಯನ ರೋಗವೊಂದನ್ನು ಅಭ್ಯಾಸ ಮಾಡುವುದಕ್ಕಾಗಿ ಆ ರೋಗವನ್ನು, ಅಥವಾ ಅದನ್ನು ಹೋಲುವ ಸ್ಥಿತಿಯನ್ನು, ಒಂದು ಪ್ರಾಣಿಯಲ್ಲಿ ಉಂಟುಮಾಡಿದರೆ ಆ ಪ್ರಾಣಿ ಆ ರೋಗದ ಮಾದರಿಯಾಗುತ್ತದೆ. ಸಕ್ಕರೆ ರೋಗದ ಮಾದರಿಯಾದ ಇಲಿ ಇದೆ. ಕ್ಷಯದ ಮಾದರಿಯಾದ ಗಿನಿಯಿಲಿ ಇದೆ. ಹಾಗೆಯೇ ಖಿನ್ನತೆಯ ಮಾದರಿಯಾದ ಇಲಿ, ಭಯರೋಗದ ಮಾದರಿಯಾದ ಇಲಿ, ಸ್ಕಿಜೋಫ್ರೇನಿಯದ ಮಾದರಿಯಾದ ಇಲಿಯೂ ಇವೆ. ಮೊದಲಿನ ಗುಂಪಿನ ವಿಷಯವನ್ನು ನಾನು ಇಲ್ಲಿ ಎತ್ತುವುದಿಲ್ಲ. ಎರಡನೆಯ ಗುಂಪು, ಎಂದರೆ ಮನಸ್ಸಿನ ರೋಗಗಳಿಗಾಗಿ ಮಾದರಿಯಾದ ಪ್ರಾಣಿಗಳು, ನಮ್ಮ ಮುಂದೆ ಇಡುವ ಧರ್ಮಸಂಕಟ ಬೇರೆಯ ಬಗೆಯದು ಎಂದು ನನಗೆ ಕಾಣುತ್ತದೆ. ಅದು ಹೇಗೆ ಬೇರೆ ಎಂಬುದನ್ನು ವಿಚಾರ ಮಾಡುವುದೇ ಈ ಬರಹದ ಉದ್ದೇಶ.

ಇಂಥ ಮಾದರಿಗಳನ್ನು ಮಾಡುವ ಕ್ರಮ ಸಾಮಾನ್ಯ ಓದುಗರಿಗೆ ತಿಳಿದಿರಲಾರದು. ಇಲಿಯನ್ನು ಮಿಸುಕಾಡಲಾಗದಂತೆ ಬಿಗಿಯಾದ ಚೀಲದಲ್ಲಿ ದಿನಕ್ಕೆ ಇಷ್ಟು ಹೊತ್ತು ಎಂದು ಇಡುವುದು ಒಂದು ಬಗೆ. ಹತ್ತಿ ಹೊರಬರಲಾಗದ ನೀರಿನ ಪಾತ್ರೆಯಲ್ಲಿ ಬಿಟ್ಟು, ಅದು ಎಷ್ಟು ಹೊತ್ತು ಈಜುತ್ತದೆ, ಯಾವಾಗ ಪ್ರಯತ್ನ ಬಿಟ್ಟು ಸುಮ್ಮನೆ ತೇಲತೊಡಗುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು ಇನ್ನೊಂದು ಬಗೆ. 1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ಹೇಳಿದ ಈ ಪರೀಕ್ಷೆ ಬಹುಕಾಲ ಖಿನ್ನತೆಯ ಔಷಧಗಳ ಒರೆಗಲ್ಲಾಗಿತ್ತು. ಮರಿಯನ್ನು ತಾಯಿಯಿಂದ ಅಗಲಿಸುವುದು ಮತ್ತೊಂದು. ಅಮೆರಿಕದ ಹ್ಯಾರಿ ಹಾರ್ಲೋ ಕೋತಿಯ ಮರಿಗಳನ್ನು ಹುಟ್ಟಿನಿಂದಲೇ ಒಂಟಿಯಾಗಿ ಬೆಳೆಸಿದನು. ತಾಯಿಯ ಅಪ್ಪುಗೆ ಹಾಲಿನಷ್ಟೇ ಅಗತ್ಯ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವನೂ ಅವನೇ. ಆ ಅಪ್ಪುಗೆ ತಪ್ಪಿದ ಮರಿಗಳ ಚಿತ್ರಗಳನ್ನು ನೋಡಿದವರಿಗೆ ಅವು ಮರೆಯುವಂಥವಲ್ಲ.

ಕೊಪ್ಪಳ ಜಿಲ್ಲೆಯ ಇಟಗಿ ಎಂದರೆ ಕನ್ನಡ ಓದಿದವರಿಗೆ ಮೊದಲು ನೆನಪಾಗುವುದು ಅಲ್ಲಿಯ ಮಹಾದೇವ ದೇವಾಲಯ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಆಗಾಗ ಅಲ್ಲಿಗೆ ಹೋಗುವ ನನಗೆ ಆ ಊರಿನ ಕೆಲವು ಮನೆಗಳ ಬಳಕೆಯುಂಟು. ಅಂಥ ಒಂದು ಮನೆಯ ಮೊಮ್ಮಗನಿಗೆ ಕೆಲವು ವರ್ಷಗಳ ಹಿಂದೆ ಮನಸ್ಸು ಕೆಟ್ಟಿತು. ಅವನು ಊಟ ಬಿಟ್ಟ, ಮಾತು ಬಿಟ್ಟ, ಹೊಲದ ಕಡೆಗೆ ಹೋಗುವುದನ್ನೂ ಬಿಟ್ಟ. ಅಜ್ಜಿ ಮೊದಲು ದೇವತೆಗೆ ಒಂದು ಹುಂಜವನ್ನು ಹರಕೆ ಹೊತ್ತಳು. ಆಮೇಲೆ ಯಾರೋ ಬಲ್ಲವರು ಹೇಳಿದ್ದರಿಂದ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗುಳಿಗೆಗಳಿಂದ ಹುಡುಗ ಮೆಲ್ಲಗೆ ಚೇತರಿಸಿಕೊಂಡ. ಇಂಥ ಗುಳಿಗೆಗಳನ್ನು ಮೊದಲು ಇಲಿಗಳಿಗೆ ಕೊಟ್ಟು ನೋಡಿರುತ್ತಾರೆಂದು ಕಾಲೇಜಿಗೆ ಹೋಗುವ ಮೊಮ್ಮಗಳು ಹೇಳಿದ್ದಳಂತೆ. ಒಮ್ಮೆ ನಾನು ಹೋದಾಗ ಆ ಮುದುಕಿ ಕೇಳಿದಳು: “ಹೌದ್ರಿ ಮಾಸ್ತರ, ಇಲಿಗೂ ಮನಸು ಕೆಡತೈತೇನ್ರಿ? ಕೆಡತೈತಿ ಅಂದ್ರ ಅದಕ್ಕೂ ಮನಸೈತಿ ಅಂದಂಗಾತಲ್ರಿ?”

ಅಕ್ಷರ ಕಲಿಯದ ಆ ಮುದುಕಿ ಎರಡು ಮಾತಿನಲ್ಲಿ ಕೇಳಿದ್ದನ್ನೇ ತತ್ತ್ವಶಾಸ್ತ್ರದ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಇಲಿಯ ಮನಸ್ಸು ನಮ್ಮ ಮನಸ್ಸಿನಂತೆಯೇ ನೋಯುವುದಾದರೆ ಅದರ ನೋವಿನಿಂದ ನಮ್ಮ ನೋವಿನ ವಿಷಯವಾಗಿ ಏನಾದರೂ ತಿಳಿಯಬಹುದು. ಆದರೆ ಆಗ ಅದನ್ನು ನೋಯಿಸುವುದು ನಮ್ಮಂಥವರನ್ನೇ ನೋಯಿಸಿದಂತೆ. ಇಲಿಗೆ ಅಂಥ ಮನಸ್ಸೇ ಇಲ್ಲವೆಂದರೆ ನೋಯಿಸಿದ ಪಾಪವೇನೋ ಇಲ್ಲ. ಆದರೆ ಆಗ ಅದರಿಂದ ತಿಳಿಯುವುದಾದರೂ ಏನು? ಹೋಲಿಕೆ ಹೆಚ್ಚಿದಷ್ಟೂ ಪ್ರಯೋಗಕ್ಕೆ ಬೆಲೆ ಹೆಚ್ಚು. ಪ್ರಯೋಗಕ್ಕೆ ಬೆಲೆ ಹೆಚ್ಚಿದಷ್ಟೂ ಅದನ್ನು ಮಾಡುವ ಅಧಿಕಾರ ನಮಗೆ ಕಡಿಮೆ. ಈ ಇಕ್ಕಟ್ಟಿನಿಂದ ಜಾರಿಕೊಳ್ಳುವ ದಾರಿ ನನಗೆ ಕಂಡಿಲ್ಲ. ಆದರೆ ಇಕ್ಕಟ್ಟಿನೊಳಗೇ ನಿಂತು ಸರಿಯಾಗಿ ನಡೆದುಕೊಳ್ಳುವುದು ಹೇಗೆಂದು ಕೇಳಬಹುದು.

ಮೊದಲು ಉಪಕಾರವನ್ನು ಉಪಕಾರವೆಂದು ಒಪ್ಪಿಕೊಳ್ಳೋಣ. ನಮ್ಮ ದೇಶದ್ದೇ ಒಂದು ಉದಾಹರಣೆ ಸರ್ಪಗಂಧಿ. ಹುಚ್ಚಿಗೆ ಈ ಬೇರನ್ನು ಕೊಡುವ ರೂಢಿ ನಮ್ಮ ವೈದ್ಯರಲ್ಲಿ ಹಿಂದಿನಿಂದಲೂ ಇತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣಗಳ ಬಗ್ಗೆ ವೈದ್ಯಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಅದರ ಸಾರವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. ಈ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟರೆ ಅವು ಮಂಕು ಬಡಿದಂತೆ ಬಿದ್ದಿರುತ್ತವೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅಂಥ ಮೊಲಗಳಿಗೆ ಡೋಪ ಎಂಬ ವಸ್ತುವನ್ನು ಚುಚ್ಚಿದಾಗ ಅವು ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯ ಮಾಡುವ ಕೆಲಸ ಇದರಿಂದ ತಿಳಿದುಬಂತು. ಕೈಕಾಲು ನಡುಗಿ ಸೆಟೆಯುವ ಪಾರ್ಕಿನ್ಸನ್ ರೋಗಕ್ಕೆ ಇಂದಿಗೂ ಕೊಡುವ ಔಷಧದ ಬೇರು ಇರುವುದು ಇಲ್ಲಿಯೇ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಹುಮಾನ ಬಂದಿತು. ಬಿದ್ದ ಮೊಲಗಳು ಏಳದಿದ್ದರೆ ಎಷ್ಟೋ ಮನೆಗಳಲ್ಲಿ ಹಿರಿಯರೂ ಏಳುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಲಿಥಿಯಮ್. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯ ಯುದ್ಧಕೈದಿಯಾಗಿದ್ದು ಬಂದವನು. ಊರಿನ ಆಸ್ಪತ್ರೆಯ ಮೂಲೆಯ ಕೋಣೆಯೊಂದರಲ್ಲಿ ಅವನು ಗಿನಿಯಿಲಿಗಳಿಗೆ ಲಿಥಿಯಮ್ ಲವಣವನ್ನು ಚುಚ್ಚಿ ನೋಡಿದ. ಅವು ಶಾಂತವಾದವು. ಅದನ್ನು ತಾನೇ ತೆಗೆದುಕೊಂಡು ನೋಡಿ, ಆಮೇಲೆ ಉನ್ಮಾದದ ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲವನ್ನು ಪ್ರಕಟಿಸಿದ. ಲಿಥಿಯಮ್ ಇಂದಿಗೂ ಉನ್ಮಾದ ಮತ್ತು ಖಿನ್ನತೆ ಒಂದಾದ ಮೇಲೊಂದು ಬರುವ ರೋಗಕ್ಕೆ ಮುಖ್ಯ ಔಷಧ. ಆದರೆ ಗಿನಿಯಿಲಿಗಳು ಶಾಂತವಾದದ್ದು ಬಹುಶಃ ಔಷಧದ ವಿಷದಿಂದ ಕಾಯಿಲೆ ಬಿದ್ದದ್ದರಿಂದ ಎಂದು ನಂತರದವರು ಹೇಳಿದ್ದಾರೆ. ಮಾದರಿ ಸುಳ್ಳಾಗಿದ್ದರೂ ಔಷಧ ನಿಜವಾಯಿತು. ಸರ್ಪಗಂಧಿಯ ವಿಷಯದಲ್ಲಿಯೂ ಮೊದಲ ಸುಳಿವನ್ನು ಕೊಟ್ಟದ್ದು ಮೊಲವಲ್ಲ, ರೋಗಿಗಳಿಗೆ ಬೇರನ್ನು ಅರೆದು ಕೊಟ್ಟ ವೈದ್ಯರು. ಹೀಗೆಂದು ಪ್ರಾಣಿಗಳ ಪಾಲನ್ನು ನಾವು ಅಲ್ಲಗಳೆಯಬೇಕಾಗಿಲ್ಲ; ಅದನ್ನು ಬೇಕಾದ್ದಕ್ಕಿಂತ ದೊಡ್ಡದು ಮಾಡಲೂಬೇಕಾಗಿಲ್ಲ.

ಈಗ ಬೆಂಗಳೂರಿಗೆ ಬರೋಣ. ಅಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು, ನಿಮ್ಹಾನ್ಸಿನ ಶಂಕರನಾರಾಯಣ ರಾವ್ ಅವರೊಡನೆ ಕೂಡಿ, 2002ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಲೋಕದಲ್ಲೆಲ್ಲ ಹೆಸರು ಪಡೆದಿದೆ. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಹಾಕಿದರು. ಆಮೇಲೆ ಅವುಗಳ ಮಿದುಳನ್ನು ತೆಗೆದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೆನಪಿಗೆ ಸಂಬಂಧಿಸಿದ ಹಿಪೋಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಬಾಡಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದಲ್ಲಿ ಇದಕ್ಕೆ ವಿರುದ್ಧವಾಗಿ ಕವಲುಗಳು ಹಬ್ಬಿ ಬೆಳೆದಿದ್ದವು. 2004ರ ಇನ್ನೊಂದು ಬರಹದಲ್ಲಿ ಅವರು ಮುಂದಿನ ಸಂಗತಿಯನ್ನು ತಿಳಿಸಿದರು: ಕಟ್ಟುವುದನ್ನು ನಿಲ್ಲಿಸಿ 21 ದಿನ ಸುಮ್ಮನೆ ಬಿಟ್ಟರೂ ಭಯದ ಕಡೆಯ ಈ ಬೆಳವಣಿಗೆ ಹಿಂದಕ್ಕೆ ಸರಿಯಲಿಲ್ಲ, ಇಲಿಗಳ ಅಳುಕೂ ಹೋಗಲಿಲ್ಲ.

ಇದರ ಅರ್ಥವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮನಸ್ಸು ಕೆಟ್ಟವನಿಗೆ ನಮ್ಮ ಮನೆಗಳಲ್ಲಿ ಹೇಳುವ ಮಾತು ಒಂದೇ: “ಧೈರ್ಯ ತಂದುಕೊ, ಎಲ್ಲಾ ಮುಗಿದುಹೋಯಿತಲ್ಲ, ಇನ್ನೇನು?” ಕಷ್ಟ ಮುಗಿದರೂ ಕಷ್ಟದ ಗುರುತು ಮಿದುಳಿನ ಮಾಂಸದಲ್ಲಿ ಉಳಿಯುತ್ತದೆ ಎಂಬುದನ್ನು ಬೆಂಗಳೂರಿನ ಆ ಇಲಿಗಳು ಸಾಕ್ಷಿ ಹೇಳಿವೆ. ಧೈರ್ಯವಿಲ್ಲದವನೆಂದು ನಾವು ಹೀಯಾಳಿಸಿದವನು ನಿಜವಾಗಿ ಗಾಯಗೊಂಡವನು. ಇದನ್ನು ತಿಳಿಸಿಕೊಟ್ಟ ವಿದ್ಯೆಗೆ ನಾವು ಕೃತಜ್ಞರಾಗಿರಬೇಕು.

ಆದರೆ ಈ ಅರಿವು ಬಂದ ದಾರಿಯನ್ನೂ ನೋಡಬೇಕು. ನಾನು ಆರಂಭದಲ್ಲಿ ಹೇಳಿದ ವ್ಯತ್ಯಾಸ ಇರುವುದು ಇಲ್ಲಿ. ಕ್ಷಯವನ್ನು ಅಭ್ಯಾಸ ಮಾಡುವವನು ಪ್ರಾಣಿಯೊಳಗೆ ಒಂದು ಕ್ರಿಮಿಯನ್ನು ಹೊಗಿಸುತ್ತಾನೆ. ಪ್ರಾಣಿ ನರಳುತ್ತದೆ, ನಿಜ. ಆದರೆ ನರಳುವಿಕೆ ಅವನಿಗೆ ಬೇಕಾದದ್ದಲ್ಲ. ನೋವಿಲ್ಲದಂತೆ ಕೆಲಸ ಸಾಗುವುದಾದರೆ ಅವನು ಸಂತೋಷದಿಂದ ಹಾಗೆಯೇ ಮಾಡಿಯಾನು. ಶಸ್ತ್ರಕ್ರಿಯೆ ಮಾಡುವವನು ಅರಿವಳಿಕೆ ಕೊಡುತ್ತಾನೆ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾನೂನೂ ಪ್ರಯೋಗಗಳನ್ನು ಎಚ್ಚರದಿಂದ, ಮಾನವೀಯತೆಯಿಂದ ಮಾಡಬೇಕು, ಕೊಯ್ಯುವ ಪ್ರಯೋಗಗಳಲ್ಲಿ ಸಾಧ್ಯವಾದ ಮಟ್ಟಿಗೆ ಅರಿವಳಿಕೆ ಕೊಡಬೇಕು ಎನ್ನುತ್ತದೆ. ಆದರೆ ದುಃಖವನ್ನೇ ಅಭ್ಯಾಸ ಮಾಡಹೊರಟವನು ದುಃಖಕ್ಕೆ ಅರಿವಳಿಕೆ ಕೊಡಲಾರ. ಇಲಿಗೆ ಭಯವಾಗದಿದ್ದರೆ ಅವನ ಪ್ರಯೋಗ ಕೆಟ್ಟಿತು. ಇಲಿ ನಿರಾಶೆಗೊಳ್ಳದಿದ್ದರೆ ಅವನು ಅಳೆಯುವುದಕ್ಕೆ ಏನೂ ಇಲ್ಲ. ಬೇರೆಡೆ ನೋವು ಪ್ರಯೋಗದ ಜೊತೆಗೆ ಬೇಡವಾದರೂ ಬರುವ ವಸ್ತು. ಇಲ್ಲಿ ಅದೇ ಪ್ರಯೋಗದ ಸಾಮಗ್ರಿ. ಆದುದರಿಂದ “ಸಾಧ್ಯವಾದಷ್ಟು ನೋವು ಕಡಿಮೆ ಮಾಡಿದ್ದೇವೆ” ಎಂಬ ಸಮಾಧಾನ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಇಲಿಯ ದುಃಖವನ್ನು ನಮ್ಮ ದುಃಖಕ್ಕೆ ಹೋಲಿಸಬಹುದೆ ಎಂದು ಕೇಳುವವರಿದ್ದಾರೆ. ಇಲಿಗೆ ಸಾಲವಿಲ್ಲ, ಮರ್ಯಾದೆಯಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ಮಳೆ ಹೋಗಿ ತೊಗರಿ ಒಣಗಿತೆಂದು ಅದು ಹಗ್ಗ ಹುಡುಕುವುದಿಲ್ಲ. ಮಾತು ಸರಿಯೇ. ಆದರೆ ಆ ಮಾತು ಮೊದಲು ಮಾದರಿಗೇ ಏಟು ಕೊಡುತ್ತದೆ. ಯಾರೂ ಇಲ್ಲದಾಗ ಧ್ವನಿ ಕೇಳುತ್ತದೆಂಬ ರೋಗಿಯ ಅನುಭವವನ್ನು ಇಲಿಯಲ್ಲಿ ಯಾರು ಕಂಡಾರು? ‘ನಾನು ಪಾಪಿ, ಎಲ್ಲರಿಗೂ ಭಾರ’ ಎಂಬ ಕೊರಗನ್ನು ಯಾವ ನೀರಿನ ಪಾತ್ರೆಯಲ್ಲಿ ಅಳೆಯೋಣ? ಇಲಿ ತೇಲತೊಡಗಿದರೆ ಅದು ನಿರಾಶೆಯೋ, ಶಕ್ತಿಯನ್ನು ಉಳಿಸಿಕೊಳ್ಳುವ ಜಾಣತನವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹಲವು ದೊಡ್ಡ ಔಷಧ ಕಂಪನಿಗಳು ಆ ಪರೀಕ್ಷೆಯನ್ನು ಕೈಬಿಟ್ಟಿವೆ. 1967ರಲ್ಲಿ ಅಮೆರಿಕದ ಸೆಲಿಗ್ಮನ್ ಮತ್ತು ಮೇಯರ್, ತಪ್ಪಿಸಿಕೊಳ್ಳಲಾಗದ ವಿದ್ಯುತ್ತಿನ ಏಟು ತಿಂದ ನಾಯಿಗಳು ಆಮೇಲೆ ದಾರಿ ಇದ್ದಾಗಲೂ ತಪ್ಪಿಸಿಕೊಳ್ಳುವುದಿಲ್ಲವೆಂದು ತೋರಿಸಿ, ಅವು ಅಸಹಾಯಕತೆಯನ್ನು ‘ಕಲಿತಿವೆ’ ಎಂದರು. ಖಿನ್ನತೆಯ ಬಗ್ಗೆ ಎಷ್ಟೋ ಗ್ರಂಥಗಳು ಈ ಮಾತಿನ ಮೇಲೆ ನಿಂತವು. 2016ರಲ್ಲಿ ಅದೇ ಇಬ್ಬರು, ತಾವು ಹೇಳಿದ್ದು ತಲೆಕೆಳಗಾಗಿತ್ತು, ಅಸಹಾಯಕತೆಯೇ ದೀರ್ಘವಾದ ಕಷ್ಟಕ್ಕೆ ಜೀವಿಯ ಮೊದಲ ಪ್ರತಿಕ್ರಿಯೆ, ಪ್ರಾಣಿ ಕಲಿಯುವುದು ‘ಇದು ನನ್ನ ಕೈಯಲ್ಲಿದೆ’ ಎಂಬುದನ್ನು ಎಂದು ಬರೆದರು. ಸತ್ಯಕ್ಕಾಗಿ ತಮ್ಮ ಮಾತನ್ನೇ ತಿದ್ದಿಕೊಂಡ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಏಟು ತಿಂದ ನಾಯಿಗಳಿಗೆ ಆ ತಿದ್ದುಪಡಿ ಮುಟ್ಟುವಂತಿಲ್ಲ.

ಹಾಗಾದರೆ ಇಲಿ ನಮ್ಮನ್ನು ಹೋಲುವುದು ಎಲ್ಲಿ? ಭಯದಲ್ಲಿ, ಒಂಟಿತನದಲ್ಲಿ, ದಾರಿಗಾಣದ ದಣಿವಿನಲ್ಲಿ. ನಮ್ಮ ಮಾತು, ಮರ್ಯಾದೆ, ನಾಳೆಯ ಲೆಕ್ಕಾಚಾರ ಇವುಗಳಲ್ಲಿ ಅದು ನಮ್ಮಿಂದ ದೂರ. ಬರಿಯ ನೋವಿನಲ್ಲಿ ನಮಗೆ ಹತ್ತಿರ. ಅದರಿಂದ ನಾವು ಕಲಿಯುವುದೆಲ್ಲ ಆ ಹತ್ತಿರದ ಎಡೆಯಿಂದಲೇ ಬರುತ್ತದೆ. ಇಟಗಿಯ ಮುದುಕಿಯ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ ಆಗಬೇಕು.

ಕನ್ನಡ ಓದಿಸುವವನಿಗೆ ಈ ಸಂದರ್ಭದಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರದು. 1209ರಲ್ಲಿ ಮುಗಿದ ಈ ಕಾವ್ಯದ ಕಥೆಯನ್ನು ಓದುಗರು ಬಲ್ಲರು. ರಾಣಿ ಅಮೃತಮತಿ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡು ರಾಜ ಯಶೋಧರನ ಮನಸ್ಸು ಒಡೆದುಹೋಗುತ್ತದೆ. ಕಂಡುದನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸಿನ ನೆವ ಒಡ್ಡುತ್ತಾನೆ. ತಾಯಿ ಚಂದ್ರಮತಿ ಮಗನ ಕಳವಳವನ್ನು ಕಳೆಯಲು ಚಂಡಮಾರಿಗೆ ಪ್ರಾಣಿಬಲಿ ಕೊಡೆನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಕೊನೆಗೆ ಒಂದು ಒಪ್ಪಂದವಾಗುತ್ತದೆ: ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿ. ರಾಜ ಕತ್ತಿಯಿಂದ ಹೊಡೆದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅದರ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ಪ್ರಾಣಿಗಳಾಗಿ ಹುಟ್ಟಿ, ಜನ್ಮಜನ್ಮಾಂತರ ತೊಳಲುತ್ತಾರೆ.

ಈ ಕಥೆಯನ್ನು ಸಂಕಲ್ಪಹಿಂಸೆಯ ಕಥೆ ಎಂದು ತರಗತಿಗಳಲ್ಲಿ ವಿವರಿಸುತ್ತೇವೆ: ಕೈ ಕೊಲ್ಲದಿದ್ದರೂ ಮನಸ್ಸು ಕೊಂದರೆ ಸಾಕು, ಪಾಪ ತಪ್ಪದು. ಈ ಒಂದು ಅಳತೆಯಿಂದ ನೋಡಿದರೆ ವಿಜ್ಞಾನಿ ಪಾರಾಗುತ್ತಾನೆಂದು ತೋರಬಹುದು. ಅವನ ಕೈ ಕೊಂದರೂ ಮನಸ್ಸಿನಲ್ಲಿ ದ್ವೇಷವಿಲ್ಲ. ರೋಗಿಯ ಮೇಲಿನ ಕರುಣೆಯಿದೆ. ಆದರೆ ಚಂದ್ರಮತಿಗೂ ಕೋಳಿಯ ಮೇಲೆ ದ್ವೇಷವಿರಲಿಲ್ಲ. ಅವಳಿಗಿದ್ದದ್ದು ಮಗನ ಮೇಲಿನ ಮಮತೆ. ಮನಸ್ಸು ಕೆಟ್ಟ ಒಬ್ಬ ಮನುಷ್ಯನನ್ನು ಸರಿಪಡಿಸುವುದಕ್ಕಾಗಿ ಅವಳು ಒಂದು ಪ್ರಾಣಿಯ ಕಡೆಗೆ ಕೈ ಚಾಚಿದಳು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಕಥೆ ಬೇರೆ ಭಾಷೆಗಳಲ್ಲಿಯೂ ಸಿಕ್ಕುವುದು ಕಷ್ಟ.

ಆ ತಾಯಿಯ ತಪ್ಪು ಎಲ್ಲಿತ್ತು? ನನ್ನ ಮಟ್ಟಿಗೆ ಅದು ಬಲಿಗಿಂತ ಮೊದಲೇ ಆಗಿಹೋದ ತಪ್ಪು. ಮಗ ಕಂಗೆಟ್ಟು ಎದುರಿಗೆ ನಿಂತಿದ್ದ. ಅವನು ಮಾತು ಬಲ್ಲವನು. ಕನಸಿನ ಹಿಂದೆ ಏನಿದೆ ಎಂದು ಅವಳು ಕೇಳಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ತಾಯಿ ಮಕ್ಕಳ ನಡುವೆ ಆಡಬೇಕಾಗಿದ್ದ ಒಂದು ಮಾತು ಆಡದೆ ಉಳಿಯಿತು. ಅದರ ಜಾಗದಲ್ಲಿ ಕೋಳಿ ಬಂದು ಕೂತಿತು. ಮನುಷ್ಯನನ್ನು ಕೇಳಿ ತಿಳಿಯಬಹುದಾದದ್ದನ್ನು ಕೇಳದೆ ಪ್ರಾಣಿಯ ಮೈಯಲ್ಲಿ ಹುಡುಕುವುದೇ ಮೊದಲ ಹಿಂಸೆ. ಹಿಟ್ಟಿನ ಕೋಳಿ ಕೂಗಿದ್ದು ಅದನ್ನೇ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ನಮ್ಮ ಕಾನೂನುಗಳನ್ನೂ ಇಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಆಗಿನ ಮೈಸೂರು ರಾಜ್ಯ 1959ರಲ್ಲಿ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಬರ್ಚ್ ಎಂಬವರು, ಪ್ರಯೋಗದಲ್ಲಿ ಪ್ರಾಣಿಯ ಬದಲು ಬೇರೆಯದನ್ನು ಬಳಸಿ, ಆಗದಿದ್ದರೆ ಸಂಖ್ಯೆಯನ್ನು ಕಡಿಮೆ ಮಾಡಿ, ಅದೂ ಆಗದಿದ್ದರೆ ನೋವನ್ನು ಕಡಿಮೆ ಮಾಡಿ ಎಂಬ ಮೂರು ಸೂತ್ರಗಳ ಪುಸ್ತಕ ಬರೆದರು. ಮರುವರ್ಷ, ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ನಡೆಸಿದ ಪ್ರಯತ್ನದ ಫಲವಾಗಿ, ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು ದೇಶಕ್ಕೆಲ್ಲ ಬಂದಿತು. ರೋಗ ನಿವಾರಣೆಗಾಗಿಯೂ ಜ್ಞಾನದ ವೃದ್ಧಿಗಾಗಿಯೂ ನಡೆಸುವ ಪ್ರಯೋಗಗಳಿಗೆ ಅದೇ ಕಾನೂನು ಎಡೆ ಮಾಡಿಕೊಟ್ಟಿತು. ಮೊಮ್ಮಗನ ಮನಸ್ಸು ಸರಿಯಾಗಲೆಂದು ಅಜ್ಜಿ ಗುಡಿಯ ಮುಂದೆ ಹುಂಜವನ್ನು ಕೊಯ್ದರೆ ಅಪರಾಧ. ಎಲ್ಲರ ಮೊಮ್ಮಕ್ಕಳ ಮನಸ್ಸು ಸರಿಯಾಗಲೆಂದು ಪ್ರಯೋಗಶಾಲೆ ಇಲಿಯನ್ನು ಕಟ್ಟಿದರೆ ಅನುಮತಿ. ಈ ಭೇದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಹುಂಜದಿಂದ ಗುಣವಾಗದು, ಪ್ರಯೋಗದಿಂದ ಆಗಬಹುದು. ಆದರೆ ಆ ‘ಆಗಬಹುದು’ ಎಂಬುದು ಪ್ರತಿಯೊಂದು ಪ್ರಯೋಗದಲ್ಲಿಯೂ ನಿಜವಾಗಿ ಇರಬೇಕು. ಫಲದ ಭರವಸೆಯಿಲ್ಲದೆ, ಪದವಿಗಾಗಿ, ಪತ್ರಿಕೆಯಲ್ಲಿ ಹೆಸರು ಬರಲೆಂದು, ಹಿಂದೆ ಹತ್ತು ಮಂದಿ ಮಾಡಿದ್ದನ್ನೇ ಹನ್ನೊಂದನೆಯವನಾಗಿ ಮಾಡುವ ಪ್ರಯೋಗಕ್ಕೂ ಹರಕೆಯ ಹುಂಜಕ್ಕೂ ವ್ಯತ್ಯಾಸವೇನೆಂದು ನನಗೆ ತಿಳಿಯದು.

ಮತ್ತೆ ಮಾದರಿ ಎಂಬ ಮಾತಿಗೆ ಬರುತ್ತೇನೆ. ಕೊಪ್ಪಳದ ನೆರೆಯ ಜಿಲ್ಲೆ ಬಳ್ಳಾರಿ. ಮಾನಸಿಕ ಆರೋಗ್ಯದ ವಿಷಯ ಬರೆಯುವವರೆಲ್ಲ ಬಲ್ಲ ‘ಬಳ್ಳಾರಿ ಮಾದರಿ’ ಎಂಬುದೊಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು, ರೋಗಿಯನ್ನು ಮಾತಾಡಿಸಲು, ಸಾಮಾನ್ಯ ಔಷಧಗಳನ್ನು ಕೊಡಲು ಕಲಿಸಿದರು. ದೂರದ ದೊಡ್ಡ ಆಸ್ಪತ್ರೆಗೆ ಹೋಗಲಾರದವರಿಗೆ ಊರ ಹತ್ತಿರವೇ ಚಿಕಿತ್ಸೆ ಸಿಕ್ಕಿತು. 1996ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿಯಾಯಿತು. ಇಲ್ಲಿ ಮಾದರಿ ಎಂಬ ಮಾತು ತನ್ನ ಹಳೆಯ ಒಳ್ಳೆಯ ಅರ್ಥದಲ್ಲಿಯೇ ನಿಂತಿದೆ. ಒಂದೇ ಸಂಸ್ಥೆಯ ಒಂದು ಕೈ ಇಲಿಯ ಮಾದರಿಯನ್ನು ಹಿಡಿದಿದೆ, ಇನ್ನೊಂದು ಕೈ ಬಳ್ಳಾರಿಯ ಮಾದರಿಯನ್ನು.

ಎರಡು ಕೈಗಳೂ ಬೇಕು. ಆದರೆ ಇವುಗಳಲ್ಲಿ ಯಾವುದು ಸಾಕಷ್ಟು ಮುಂದಕ್ಕೆ ಚಾಚಿಲ್ಲ ಎಂಬುದು ನಿಮ್ಹಾನ್ಸೇ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಿಂದ ಗೊತ್ತಾಗುತ್ತದೆ. ಮನೋರೋಗದಿಂದ ಬಳಲುವವರಲ್ಲ, ರೋಗದ ಬಗೆಯನ್ನು ಅನುಸರಿಸಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ಅದು ಹೇಳಿತು. ಎಂದರೆ ಮೊಲಗಳೂ ಗಿನಿಯಿಲಿಗಳೂ ಪ್ರಾಣ ತೆತ್ತು ತಂದುಕೊಟ್ಟ ಔಷಧಗಳು ಈಗಾಗಲೇ ಇವೆ. ಅವು ಇಟಗಿಯಂಥ ಊರುಗಳ ಬಹುಪಾಲು ಮನೆಗಳನ್ನು ಇನ್ನೂ ಮುಟ್ಟಿಲ್ಲ. ಪ್ರಾಣಿಯನ್ನು ನೋಯಿಸಿ ಪಡೆದ ಅರಿವನ್ನು ಮನುಷ್ಯನಿಗೆ ಮುಟ್ಟಿಸದೆ ಕಪಾಟಿನಲ್ಲಿಟ್ಟು, ಮತ್ತೆ ಪ್ರಾಣಿಯ ಕಡೆಗೆ ತಿರುಗುವುದು ಯಾವ ನ್ಯಾಯ? ‘ಬೇರೆ ದಾರಿಯಿಲ್ಲ’ ಎಂಬ ವಾದ ಇಲ್ಲಿ ಸಡಿಲವಾಗುತ್ತದೆ.

ಹೀಗೆಂದ ಮಾತ್ರಕ್ಕೆ ಎಲ್ಲ ಪ್ರಯೋಗಗಳನ್ನೂ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಇಂದಿನ ಔಷಧಗಳಾವುವೂ ತಟ್ಟದ ರೋಗಿಗಳಿದ್ದಾರೆ. ಅವರ ತಾಯಂದಿರ ಮುಂದೆ ನಿಂತು ಇಲಿಯ ಪರವಾಗಿ ವಾದಿಸುವ ಧೈರ್ಯ ಯಾರಿಗಿದೆ? ರೋಗಿ ಎಷ್ಟು ಮಾತು ಬಲ್ಲವನಾದರೂ ತನ್ನ ನರಕೋಶದ ಕವಲು ಬಾಡಿದೆಯೆ, ಹಬ್ಬಿದೆಯೆ ಎಂಬುದನ್ನು ಹೇಳಲಾರ. ಮಾತು ಮುಟ್ಟದ ಆ ಎಡೆ ನಿಜವಾಗಿಯೂ ಇದೆ. ಪ್ರಾಣಿಯ ಮಾದರಿಗೆ ಎಡೆಯಿದ್ದರೆ ಅಲ್ಲಿ ಮಾತ್ರ: ಮನುಷ್ಯನನ್ನು ಕೇಳಿ, ನೋಡಿ, ಮಾತಾಡಿಸಿ ತಿಳಿಯಬಹುದಾದದ್ದೆಲ್ಲ ಮುಗಿದ ಮೇಲೆ. ಬರಗಾಲದಲ್ಲಿ ರೈತ ಏಕೆ ಎದೆಗುಂದುತ್ತಾನೆ, ಅವಮಾನಿತಳಾದ ಸೊಸೆ ಏಕೆ ಮಾತು ಬಿಡುತ್ತಾಳೆ ಎಂದು ತಿಳಿಯಲು ಯಾವ ಇಲಿಯನ್ನೂ ಕಟ್ಟಬೇಕಾಗಿಲ್ಲ. ಅವರ ಮನೆಯ ಜಗಲಿಯ ಮೇಲೆ ಕೂತು ಕೇಳಿದರೆ ಸಾಕು. ನಿಮ್ಹಾನ್ಸಿನವರೇ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಭ್ಯಾಸ ಈ ದೃಷ್ಟಿಯಿಂದ ನನಗೆ ಮೆಚ್ಚಿಗೆಯಾಯಿತು. ಕಷ್ಟಕ್ಕೆ ಒಳಪಡಿಸಿದ ಇಲಿಗಳನ್ನು ಅವರು ಆಟದ ವಸ್ತುಗಳೂ ಜೊತೆಗಾರರೂ ಇರುವ ವಿಶಾಲವಾದ ಗೂಡಿನಲ್ಲಿ ಇರಿಸಿದಾಗ ಅವುಗಳ ಮಂಕು ಕಡಿಮೆಯಾಯಿತು. ಮಿದುಳಿನಲ್ಲಿ ಹೊಸದಾಗಿ ಹುಟ್ಟುವ ಕೋಶಗಳು ಮತ್ತೆ ಉಳಿದು ಬೆಳೆದವು. ಅಲ್ಲಿಯೂ ಮೊದಲು ದುಃಖ ಕೊಟ್ಟದ್ದು ನಿಜ. ಆದರೆ ಪ್ರಶ್ನೆಯಾದರೂ ಗುಣಪಡಿಸುವ ಕಡೆಗೆ ಮುಖ ಮಾಡಿತ್ತು. ಸಂಗ, ಎಡೆ, ಆಟ ಇವೇ ಔಷಧವೆಂದು ಇಲಿಯ ಮಿದುಳು ಹೇಳಿದರೆ, ನಮ್ಮ ರೋಗಿಗಳನ್ನು ಕೋಣೆಯಲ್ಲಿ ಕೂಡಿಹಾಕುವುದನ್ನು ನಾವು ಇನ್ನಾದರೂ ಬಿಡಬೇಡವೆ?

ಇಷ್ಟಾದರೂ, ಅನಿವಾರ್ಯವಾದ ಪ್ರಯೋಗವನ್ನೇ ಎಚ್ಚರದಿಂದ ಮಾಡಿದರೂ, ಅದು ನ್ಯಾಯವಾಯಿತೆಂದು ನನಗೆ ಅನ್ನಿಸುವುದಿಲ್ಲ. ಅದು ಸಾಲವಾಯಿತು ಎನ್ನಬಹುದು. ನಮ್ಮವರು ಋಣ ಎಂಬ ಕಲ್ಪನೆಯನ್ನು ಬೆಳೆಸಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಸಾಲ ಮಾಡುವುದು ಕೆಲವೊಮ್ಮೆ ಅನಿವಾರ್ಯ. ಮಾಡಿಯೂ ಮಾಡಿಲ್ಲವೆನ್ನುವುದು ಅಧರ್ಮ. ಸಾಲಗಾರನಾದವನು ಮೊದಲು ಮಾಡಬೇಕಾದದ್ದು ಲೆಕ್ಕ ಇಡುವುದು.

ಕೊಪ್ಪಳದ ಗವಿಮಠದ ಬಳಿಯ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಕಿರುಶಾಸನಗಳಿವೆ. ಅದೇ ಅರಸನ ದೊಡ್ಡ ಶಾಸನಗಳು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಗಿರ್ನಾರದಲ್ಲಿಯೂ ದೊರೆತಿವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ ಔಷಧದ ಗಿಡಗಳನ್ನು ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಇಬ್ಬರ ವೈದ್ಯವೂ ಒಂದೇ ಉಸಿರಿನಲ್ಲಿ ಬಂದಿದೆ. ಮೊದಲನೆಯದು ನಮಗೆ ಇನ್ನೂ ಮುಖ್ಯ. ಹಿಂದೆ ಅರಮನೆಯ ಅಡಿಗೆಗೆ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಒಂದು ಜಿಂಕೆ ಮಾತ್ರ, ಅದರಲ್ಲೂ ಜಿಂಕೆ ದಿನವೂ ಇಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂಬುದು ಅದರ ಸಾರಾಂಶ. ಕೊಲ್ಲುವುದನ್ನು ಬಿಟ್ಟೆನೆಂದು ಬರೆಸುವುದು ಚಕ್ರವರ್ತಿಗೆ ಸುಲಭವಾಗಿತ್ತು. ಯಾರು ಹೋಗಿ ಅಡಿಗೆಮನೆಯನ್ನು ನೋಡುತ್ತಿದ್ದರು? ಅವನು ಹಾಗೆ ಬರೆಸಲಿಲ್ಲ. ಉಳಿದ ಮೂರನ್ನೂ ಎಣಿಸಿ ಕಲ್ಲಿನ ಮೇಲೆ ಕೊರೆಸಿದ.

ನಮ್ಮ ಪ್ರಯೋಗಶಾಲೆಗಳಿಂದ ನಾನು ಅಪೇಕ್ಷಿಸುವುದು ಇಷ್ಟೇ. ಇಂಗ್ಲೆಂಡಿನಲ್ಲಿ ಸರ್ಕಾರ ಪ್ರತಿವರ್ಷ ಎಷ್ಟು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು, ಎಷ್ಟಕ್ಕೆ ಎಂಥ ನೋವಾಯಿತು ಎಂಬ ಲೆಕ್ಕವನ್ನು ಪ್ರಕಟಿಸುತ್ತದೆ. ನಮ್ಮಲ್ಲಿಯೂ ಅಂಥ ಲೆಕ್ಕ, ನಮ್ಮ ಭಾಷೆಯಲ್ಲಿ, ಎಲ್ಲರ ಕೈಗೂ ಬರಲಿ. ಇಷ್ಟು ಇಲಿಗಳು, ಈ ಕಾರಣಕ್ಕೆ, ಇಷ್ಟು ದಿನ, ಅದರಿಂದ ತಿಳಿದದ್ದು ಇದು, ಏನೂ ತಿಳಿಯದೆ ಹೋದದ್ದು ಇದು ಎಂದು ಬರೆಯಲಿ. ಆಗ ಇಟಗಿಯ ಮುದುಕಿಯಂಥವರ ಪ್ರಶ್ನೆಗೆ ಕೊಡುವುದಕ್ಕೆ ನಮ್ಮ ಬಳಿ ಒಂದು ಉತ್ತರವಿರುತ್ತದೆ. ಆ ಉತ್ತರ ಅವರಿಗೆ ಸಮಾಧಾನ ತರುವುದೋ ಇಲ್ಲವೋ ಬೇರೆ ಮಾತು. ಕೇಳಿದವರಿಗೆ ನಿಜವನ್ನು ಹೇಳಿದಂತಾದರೂ ಆದೀತು.